ಮೊದಲ ಉತ್ತರ

ಪಾರ್ಸೆಲ್ ವಿಭಾಗದ ಗುಮಾಸ್ತ ಉತ್ತರ ಕಳುಹಿಸಿ ಆದ ಮೇಲೆ ಇಮೇಲ್ ಓದಿದ. ಎಡವಟ್ಟಾದದ್ದೇ ಅಲ್ಲಿ.

ಆ ಕೊರಿಯರ್ ಕಚೇರಿಯಲ್ಲಿ ಮ್ಯಾನೇಜರ್ ಏನೇ ಇಮೇಲ್ ಹಾಕಲಿ, ಎಲ್ಲರೂ ಎಲ್ಲರಿಗೂ ಕಾಣುವಂತೆ ‘ಧನ್ಯವಾದಗಳು ಸರ್’ ಎಂದು ಬರೆಯಬೇಕು. ನೀರಿನ ಟ್ಯಾಂಕ್ ತೊಳೆಯುತ್ತಾರೆ ಅಂದರೂ ಧನ್ಯವಾದ, ರಜೆ ಕೊಡುವುದಿಲ್ಲ ಅಂದರೂ ಧನ್ಯವಾದ! ತಡ ಮಾಡಿದವರ ಮೇಲೆ ಸಾಹೇಬರ ಕಣ್ಣು. ಹಾಗಾಗಿ ಗುಮಾಸ್ತ ಮೊದಲು ಉತ್ತರ ಹಾಕಿ, ಪುರುಸೊತ್ತಾದರೆ ಓದುತ್ತಿದ್ದ.

ಈ ಸಲ ಬಂದದ್ದು ಅವನ ಹೆಂಡತಿಯ ವಿಷಯ. ಅವಳು ಅಲ್ಲೇ ದೂರು ವಿಭಾಗದಲ್ಲಿದ್ದಳು. ಹೆಂಗಸರ ಶೌಚಾಲಯಕ್ಕೆ ಚಿಲಕ ಹಾಕಿಸಿ ಎಂದು ಹೇಳಿ ಹೇಳಿ ಸಾಕಾಗಿ, ಹಿಂದಿನ ದಿನ ಧನ್ಯವಾದದ ಬದಲು ‘ಚಿಲಕ ಯಾವಾಗ ಹಾಕಿಸ್ತೀರಿ?’ ಎಂದು ಎಲ್ಲರಿಗೂ ಕಳಿಸಿಬಿಟ್ಟಿದ್ದಳು. ಅದು ಅಶಿಷ್ಟ ಭಾಷೆಯಂತೆ! ಕರೆದು ಕೇಳಲಿಲ್ಲ, ನೋಟಿಸ್ ಕೊಡಲಿಲ್ಲ; ಇಂದಿನಿಂದ ಅವಳಿಗೆ ಕೆಲಸವಿಲ್ಲ. ಅದರ ಕೆಳಗೆ ಮೊದಲ ಧನ್ಯವಾದ ಗಂಡನದು.

ಉಳಿದವರು ಬೆರಳು ತಡೆದು ಇವನ ಮುಖ ನೋಡಿದರು. ಗಂಡನೇ ಹಾಕಿದ ಮೇಲೆ ನಮ್ಮದೇನು ಅಂದುಕೊಂಡರೋ ಏನೋ, ಒಬ್ಬೊಬ್ಬರ ಧನ್ಯವಾದವೂ ಟಪಟಪ ಬಂದು ಬಿತ್ತು.

ಅವಳು ಬ್ಯಾಗ್ ಹೆಗಲಿಗೇರಿಸಿ ಅವನ ಮೇಜಿನ ಹತ್ತಿರ ಬಂದಳು. ಕಣ್ಣು ಕೆಂಪಗಾಗಿತ್ತು.

“ಓದದೇ ಹಾಕ್ಬಿಟ್ಟೆ ಕಣೇ. ನಿನ್ನಾಣೆಗೂ ನೋಡ್ಲಿಲ್ಲ.”

“ಗೊತ್ತು ಬಿಡಿ. ಮನೇಲೂ ಅಷ್ಟೇ ಅಲ್ವಾ, ನಾನು ಹೇಳಿ ಮುಗಿಸೋ ಮುಂಚೆ ಹೂಂ ಅಂತೀರಿ.” ಅಂಥ ಹೊತ್ತಿನಲ್ಲೂ ಅವಳಿಗೆ ನಗು ಬಂತು.

“ಈಗ್ಲೇ ಒಳಗೆ ಹೋಗಿ ಕೇಳ್ತೀನಿ. ಏನಂದ್ಕೊಂಡಿದಾನೆ ಅವನು!”

“ರೀ, ಒಂದ್ ಮಾತು, ನಿಜ ಹೇಳಿ. ಓದಿದ್ದಿದ್ರೆ ಹಾಕ್ತಿರ್ಲಿಲ್ವಾ?”

ಇಲ್ಲ ಎನ್ನಲು ಬಾಯಿ ತೆರೆದ. ಎಷ್ಟು ಸುಲಭದ ಮಾತು! ಆದರೆ ಓದಿದ್ದರೂ ಹಾಕುತ್ತಿದ್ದೆನೇನೋ ಅನ್ನಿಸಿತು. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಅಷ್ಟರಲ್ಲಿ ಮೇಜಿನ ಫೋನು ಹೊಡೆದುಕೊಂಡಿತು. ಸಾಹೇಬರ ಕೋಣೆಯಿಂದ.

ರಿಸೀವರ್ ಎತ್ತಿದವನು ಎದ್ದು ನಿಂತ.

“ಸರ್... ಹೌದು ಸರ್... ಆಯ್ತು ಸರ್, ಅವಳ ಕಡೆ ಇರೋ ದೂರುಗಳನ್ನೂ ನಾನೇ ನೋಡ್ಕೋತೀನಿ ಸರ್.”

ಫೋನಿಟ್ಟು ತಿರುಗಿದಾಗ ಅವಳಿರಲಿಲ್ಲ. ಕಿಟಕಿಗೆ ಹೋಗಿ ಕೆಳಗೆ ನೋಡಿದ. ಮನೆಯ ಕಡೆಯ ಬಸ್ಸು ಬಂದು ನಿಂತಿತ್ತು. ಅವಳು ಅದನ್ನು ಹತ್ತದೆ, ಎದುರು ದಿಕ್ಕಿಗೆ ನಡೆದು ಹೋಗುತ್ತಿದ್ದಳು.