ಹಸಿದ ಕೌದಿ

ಖಾರಘರದ ಕಾಲೇಜಿನ ಸ್ಟೋರ್ ರೂಮಿನಲ್ಲಿ ನನ್ನ ಮಗಳು ಕಾಂಚನಾ ಗೋಡೆಗೆ ಒರಗಿ ಕೂತಿದ್ದಳು. ಅವಳ ಮುಂದೆ ನೆಲದ ಮೇಲೆ ಕೌದಿ ಬಿದ್ದಿತ್ತು. ಅದರ ನಾಲ್ಕೂ ಮೂಲೆಗಳನ್ನು ಇಲಿಗಳು ಕಡಿದು ಹಾಕಿದ್ದವು. ಮಧ್ಯಾಹ್ನ ಎರಡು ಗಂಟೆಗೆ ಪರೀಕ್ಷಕರು ಬರುವವರಿದ್ದರು.

ಬೆಳಿಗ್ಗೆ ಫೋನಿನಲ್ಲಿ ಅವಳು ಹೇಳಿದ್ದು ಒಂದೇ ಮಾತು. "ಮಮ್ಮಿ, ಸಗಳಂ ಸಂಪಲಂ." ಎಲ್ಲ ಮುಗಿಯಿತು ಎಂದು. ಯಾಕೆ, ಏನು ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟುಬಿಟ್ಟಳು. ಮನೆಯಲ್ಲಿ ಇದ್ದವರು ನಾನು ಮತ್ತು ನನ್ನ ಅತ್ತೆ ರುದ್ರವ್ವ. ಯಜಮಾನರು ಅಂಬರನಾಥದ ಫ್ಯಾಕ್ಟರಿಗೆ ಹೋಗಿಯಾಗಿತ್ತು. ನಾನು ಹಿಂದಿನ ರಾತ್ರಿಯಿಂದ ಏನೂ ತಿನ್ನದೆ ಹೋದ ಮಗಳಿಗೆಂದು ಡಬ್ಬಿಯಲ್ಲಿ ರೊಟ್ಟಿ, ಪಲ್ಯ ತುಂಬಿಕೊಂಡೆ. ಅತ್ತೆ ತಮ್ಮ ಎಲೆಯಡಿಕೆಯ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ನನಗಿಂತ ಮೊದಲೇ ಲಿಫ್ಟಿನ ಮುಂದೆ ನಿಂತಿದ್ದರು. ಡೊಂಬಿವಲಿಯಿಂದ ಠಾಣೆ, ಠಾಣೆಯಲ್ಲಿ ಗಾಡಿ ಬದಲಾಯಿಸಿ ಖಾರಘರ. ಮುಂಬ್ರಾ ದಾಟುವಾಗ ನಾವಿಬ್ಬರೂ ಕಿಟಕಿಯ ಕಡೆ ನೋಡಲಿಲ್ಲ. ಎರಡು ವರ್ಷದಿಂದ ನೋಡಿಲ್ಲ.

ಅಲ್ಲಿಯೇ ನನ್ನ ಮಗ ಶಿವರಾಜ ಗಾಡಿಯಿಂದ ಬಿದ್ದದ್ದು. ಐರೋಲಿಯಲ್ಲಿ ಹೊಸ ಕೆಲಸ, ಬೆಳಗಿನ ಗದ್ದಲ, ಬಾಗಿಲಲ್ಲಿ ನೇತಾಡುವ ಜನ. ಅವತ್ತು ಅವನು ಬೂಟು ಹಾಕಿಕೊಳ್ಳುತ್ತಿದ್ದಾಗ ಅತ್ತೆ ತಟ್ಟೆ ಹಿಡಿದುಕೊಂಡು ಬಾಗಿಲ ತನಕ ಹೋಗಿದ್ದರು. "ಸ್ವಲ್ಪ ತಡಿಯೋ, ಒಂದ ತುತ್ತು ತಿಂದು ಹೋಗು." ಅವನು ನಗುತ್ತಾ, "ಗಾಡಿ ತಡಿಯಂಗಿಲ್ಲಜ್ಜಿ," ಎಂದು ಮೆಟ್ಟಿಲು ಇಳಿದ. ಅವನ ಬಾಯಿಂದ ನಮ್ಮ ಮನೆ ಕೇಳಿದ ಕೊನೆಯ ಮಾತು ಅದು. ಆ ತಟ್ಟೆಯಲ್ಲಿ ಅತ್ತೆ ಇವತ್ತಿಗೂ ಯಾರಿಗೂ ಬಡಿಸಲು ಬಿಡುವುದಿಲ್ಲ.

ಆಮೇಲೆ ನನಗೆ ಉಳಿದವಳು ಕಾಂಚನಾ ಒಬ್ಬಳು, ಅವಳೂ ಉಳಿದಿದ್ದಳು ಎನ್ನುವಂತಿರಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಕಾಲೇಜಿಗೆ ಹೋಗಲಿಲ್ಲ, ಕೊನೆಯ ವರ್ಷ ಹಾಗೇ ಕಳೆಯಿತು. ತಟ್ಟೆ ಇಟ್ಟರೆ ತಟ್ಟೆ ಹಾಗೇ ಇರುತ್ತಿತ್ತು. ಬಳೆ ಮೊಣಕೈ ತನಕ ಜಾರುವಷ್ಟು ಕೈ ಸಣ್ಣಗಾದವು. ನೆಂಟರು ಬಂದವರು ಮದುವೆ ಮಾಡಿಬಿಡಿ ಸರಿಹೋಗುತ್ತಾಳೆ ಎಂದರು. ಅವರಿಗೆ ಚಹಾ ಕೊಡದೇ ಕಳಿಸಿದೆ. ನನ್ನ ಬಾಯಿ ಜೋರು ಎಂದು ಬಿಲ್ಡಿಂಗಿನಲ್ಲೆಲ್ಲ ಹೆಸರಿದೆ, ಇರಲಿ.

ಒಂದು ದಿನ ಅವಳೇ ಎದ್ದು ಅಣ್ಣನ ಕಪಾಟು ತೆಗೆದಳು. ಶರ್ಟು, ಪ್ಯಾಂಟು, ಹಳೆಯ ಬನಿಯನ್ ಎಲ್ಲ ನೆಲಕ್ಕೆ ಹಾಕಿ ನಡುವೆ ಕೂತಳು. "ಮಮ್ಮಿ, ಲೋಕಲ್‌ಚಾ ದರವಾಜಾಲಾ ದರವಾಜಾಚ್ ನಾಹೀ," ಎಂದಳು. ಲೋಕಲ್ ಗಾಡಿಯ ಬಾಗಿಲಿಗೆ ಬಾಗಿಲೇ ಇಲ್ಲವಲ್ಲ ಎಂದು. "ಮೈ ಉಸಕೋ ಬಂದ್ ಕರೂಂಗೀ." ಅದನ್ನು ನಾನು ಮುಚ್ಚುತ್ತೇನೆ ಎಂದು. ಕಲ್ಯಾಣದಲ್ಲಿ ಖಾಲಿ ನಿಂತ ಗಾಡಿಯ ಬಾಗಿಲನ್ನು ಅಜ್ಜಿಯ ಹಳೆಯ ಸೀರೆ ಹಿಡಿದು ಅಳತೆ ಮಾಡಿಕೊಂಡು ಬಂದಳು. ಅಣ್ಣನ ಬಟ್ಟೆಗಳಿಂದ ಅದೇ ಅಳತೆಯ ಕೌದಿ ಹೊಲಿದು, ಕಬ್ಬಿಣದ ಪೈಪಿಗೆ ತೂಗುಹಾಕಬೇಕು. ಕಾಲೇಜಿಗೆ ಮತ್ತೆ ಸೇರಿ ಅವಳು ಕೊಡಬೇಕಿದ್ದ ಥೀಸಿಸ್ ಇದು. ಥೀಸಿಸ್ ಎಂದರೆ ಬರೆಯುವುದು ಎಂದು ನಾನು ತಿಳಿದಿದ್ದೆ. ಚಿತ್ರಕಲೆಯ ಕಾಲೇಜಿನಲ್ಲಿ ಹಾಗಲ್ಲವಂತೆ. ಕೊನೆಯ ವರ್ಷ ಪ್ರತಿಯೊಬ್ಬರೂ ತಮ್ಮದೇ ಒಂದು ದೊಡ್ಡ ಕೆಲಸ ಮಾಡಿ ಹೊರಗಿನ ಪರೀಕ್ಷಕರ ಮುಂದೆ ಇಡಬೇಕು. ಇವಳ ಜೊತೆಯ ಕೌಶಲ್ ಎಂಬ ಹುಡುಗ ಬದಲಾಪುರದ ತನ್ನ ಮನೆಗೆ ಹೊಳೆ ನೀರು ನುಗ್ಗಿದಾಗ ಗೋಡೆಯ ಮೇಲೆ ಉಳಿದ ಗುರುತನ್ನು ಗಾರೆಯ ಸಮೇತ ಕೆತ್ತಿ ತಂದಿದ್ದ. ಅದಕ್ಕೆ ಹೋಲಿಸಿದರೆ ನಮ್ಮ ಕೌದಿ ಎಷ್ಟೋ ವಾಸಿ ಎನಿಸಿತು.

ಅತ್ತೆ ಮತ್ತು ಮೊಮ್ಮಗಳು ಮಳೆಗಾಲ ಪೂರ್ತಿ ಮನೆಯ ಹಾಲ್‌ನಲ್ಲಿ ಕೂತು ಹೊಲಿದರು. ಅತ್ತೆಗೆ ಕಣ್ಣು ಮಂಜು, ಸೂಜಿಗೆ ದಾರ ಇವಳೇ ಪೋಣಿಸಿ ಕೊಡಬೇಕು. ಹೊಲಿಗೆ ಸಾಲು ಸೊಟ್ಟಗಾದರೆ ಅತ್ತೆ ಬಯ್ಯುವುದು, ಇವಳು ಬಿಚ್ಚುವುದು, ಮತ್ತೆ ಹೊಲಿಯುವುದು. ಹೀಗೆ ಒಂದು ದಿನ ಇವಳು ನಕ್ಕಳು. ಇನ್ನೊಂದು ದಿನ ಇನ್ನೊಂದು ರೊಟ್ಟಿ ಹಾಕು ಎಂದಳು. ನಾನು ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ಇಟ್ಟುಕೊಂಡು ಅತ್ತುಬಿಟ್ಟೆ. ಈ ಕೌದಿ ನಿಂತರೆ ನನ್ನ ಮಗಳು ನಿಲ್ಲುತ್ತಾಳೆ, ಇದು ಹೋದರೆ ಅವಳೂ ಹೋಗುತ್ತಾಳೆ. ಇದು ನನಗೆ ಅವತ್ತೇ ಗೊತ್ತಾಗಿತ್ತು.

ಈಗ ಅದೇ ಕೌದಿ ಮೂಲೆ ಕಳೆದುಕೊಂಡು ಬಿದ್ದಿತ್ತು. ತೂಗುಹಾಕಲು ಮೇಲಿನ ಎರಡು ಮೂಲೆಗಳಲ್ಲಿ ಹೊಲಿದಿದ್ದ ಪಟ್ಟಿಗಳೂ ಇರಲಿಲ್ಲ. ಪೈಪಿಗೆ ಸಿಕ್ಕಿಸಿದರೆ ಜಾರಿ ಬೀಳುತ್ತಿತ್ತು.

"ಎಲ್ಲಾ ಬಿಟ್ಟು ಮೂಲೆ ಯಾಕೆ ತಿಂದವು ಗೊತ್ತಾ ಮಮ್ಮಿ?" ಕಾಂಚನಾ ಅಂಗೈ ಚಾಚಿದಳು. ಅದರಲ್ಲಿ ಒಣಗಿದ ಹೋಳಿಗೆಯ ಚೂರು, ಅದರ ತುಂಬ ಇರುವೆ. "ಅಜ್ಜೀ ಲಾ ವಿಚಾರ್." ಅಜ್ಜಿಯನ್ನೇ ಕೇಳು ಎಂದಳು.

ನನಗೆ ಕೇಳಬೇಕಾಗಿರಲಿಲ್ಲ. ನಮ್ಮ ಬಾಗಲಕೋಟೆ ಕಡೆ ಕೌದಿ ಹೊಲಿದು ಮುಗಿಸುವಾಗ ಕೊನೆಯ ಮೂಲೆಯನ್ನು ಖಾಲಿ ಮುಚ್ಚುವುದಿಲ್ಲ. ಒಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ಹಸಿದಿದ್ದರೆ ಹೊದ್ದವರ ಹೊಟ್ಟೆಯೂ ಹಸಿಯುತ್ತದೆ ಎನ್ನುವ ನಂಬಿಕೆ. ಉಗುರಿನಷ್ಟು ಒಣ ರೊಟ್ಟಿ ಸಾಕು. ಅತ್ತೆಗೆ ಸಾಕಾಗಿಲ್ಲ. ಶಿವರಾಜನಿಗೆ ಪ್ರಾಣವಾಗಿದ್ದ ಶೇಂಗಾ ಹೋಳಿಗೆಯನ್ನು, ಬೆಲ್ಲ, ತುಪ್ಪದ ಸಮೇತ, ನಾಲ್ಕೂ ಮೂಲೆಗೆ ತುಂಬಿದ್ದಾರೆ. ನಮಗ್ಯಾರಿಗೂ ಹೇಳಿಲ್ಲ. ಮನೆಯಲ್ಲಿದ್ದಾಗ ಏನೂ ಆಗಲಿಲ್ಲ. ಇಲ್ಲಿ ತಂದಿಟ್ಟ ವಾರದೊಳಗೆ ಕಾಲೇಜಿನ ಇಲಿಗಳಿಗೆ ಹಬ್ಬವಾಗಿದೆ.

"ಅತ್ತಿ, ಏನ್ ಮಾಡಿಟ್ಟೀರಿ ಇದು?" ಎಂದು ಕೂಗಿದೆ. ಸ್ಟೋರ್ ರೂಮಿನ ಹೊರಗೆ ಹುಡುಗರು ತಿರುಗಿ ನೋಡಿದರು.

ಅತ್ತೆ ಬಗ್ಗಿ ಹರಿದ ಮೂಲೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. "ಖಾಲಿ ಹೊಟ್ಟೀಲೆ ಹ್ವಾದ ಕೂಸು ಅದು," ಎಂದರು. "ಅವನ ಅಂಗಿ, ಅವನ ಪ್ಯಾಂಟು. ಖಾಲಿ ಹ್ಯಾಂಗ ಮುಚ್ಚಲಿ ನಾನು? ಹೇಳ ನೀನ."

ನನ್ನ ಸಿಟ್ಟು ಎಲ್ಲೂ ಹೋಗಲಿಲ್ಲ. ಸತ್ತವನಿಗೆ ಉಣಿಸಲು ಹೋಗಿ ಬದುಕಿದ್ದವಳ ಬಾಯಿಗೆ ಮಣ್ಣು ಹಾಕಿದಿರಲ್ಲ ಎನ್ನಬೇಕೆಂದಿದ್ದೆ. ಅವರ ಮುಖ ನೋಡಿ ನುಂಗಿಕೊಂಡೆ.

ಅಷ್ಟರಲ್ಲಿ ಕಾಂಚನಾಗೆ ಪಾಠ ಹೇಳುವ ರಮಿತಾ ಮೇಡಂ ಬಂದರು. ಉಡುಪಿ ಕಡೆಯವರು, ನಮ್ಮೊಂದಿಗೆ ಕನ್ನಡದಲ್ಲೇ ಮಾತಾಡುತ್ತಾರೆ. ಕೌದಿಯ ಸುತ್ತ ಒಂದು ಸುತ್ತು ಬಂದು, "ಅಯ್ಯೋ ದೇವ್ರೇ," ಎಂದರು. ಆಮೇಲೆ ಇವಳ ಪಕ್ಕ ಕೂತು, "ನೋಡು ಮಾರಾಯ್ತಿ, ಹೀಗೇ ಇಡುವ. ನೆಲದ ಮೇಲೆ ಹರಡುವ. ಇಲಿ ತಿಂದದ್ದಕ್ಕೂ ಒಂದು ಅರ್ಥ ಉಂಟು, ನಾನು ಅವರಿಗೆ ವಿವರಿಸ್ತೇನೆ," ಎಂದರು.

"ಏನು ಅರ್ಥ ಮೇಡಂ?" ಎಂದೆ ನಾನು. "ಇಲಿ ತಿಂದದ್ದು ಹಸಿವಾಗಿ. ಇದರಲ್ಲಿ ಅರ್ಥ ಎಲ್ಲಿಂದ ಬರ್ತದ?"

ಮೇಡಂಗೆ ನನ್ನ ಮಾತಿನಿಂದ ನೋವಾಗಿರಬೇಕು. ಪಾಪ, ಅವರೂ ದಾರಿ ಹುಡುಕುತ್ತಿದ್ದರು.

"ನಹೀ ಮ್ಯಾಮ್," ಎಂದಳು ಕಾಂಚನಾ. ದನಿ ತಣ್ಣಗಿತ್ತು. "ನೆಲದ ಮೇಲೆ ಹಾಕಿದರೆ ಬಿದ್ದಂಗೇ ಆಯ್ತು. ಅವನು ಬಿದ್ದಂಗೇ. ಇದು ನಿಲ್ಲಬೇಕು, ಇಲ್ಲಾ ಅಂದರೆ ಬೇಡ."

ಮೇಡಂ ತಮ್ಮ ದುಪಟ್ಟಾ ತೆಗೆದು ಕೊಟ್ಟರು, ಇದನ್ನೇ ಮೂಲೆಗೆ ಹಚ್ಚು ಎಂದು. ಅತ್ತೆ ತಮ್ಮ ಸೆರಗಿಗೆ ಕೈ ಹಾಕಿದರು. ಅವಳು ಎರಡಕ್ಕೂ ತಲೆ ಅಲ್ಲಾಡಿಸಿದಳು. "ಎಲ್ಲಾ ಅವನದೇ ಬಟ್ಟೆ ಅಂತ ಕಾಲೇಜಿಗೆ ಬರೆದುಕೊಟ್ಟಿದೀನಿ. ಬೇರೆಯವರ ಬಟ್ಟೆ ಹಾಕಿದರೆ ಝೂಟ್, ಸುಳ್ಳು. ಅವನದು ಇನ್ನೇನೂ ಉಳಿದಿಲ್ಲ. ಮಮ್ಮಿ ಎಲ್ಲಾ ಕೊಟ್ಟಾಯ್ತು." ಹೀಗೆಂದು ಮೊಣಕಾಲಿನ ನಡುವೆ ತಲೆ ಹುದುಗಿಸಿದಳು. "ಮಲಾ ಘರೀ ನೇ." ಮನೆಗೆ ಕರೆದುಕೊಂಡು ಹೋಗು ಎಂದು. ಎರಡು ವರ್ಷದ ಹಿಂದೆ ಗೋಡೆಗೆ ಮುಖ ಮಾಡಿ ಮಲಗಿದಾಗ ಇದ್ದ ದನಿಯೇ ಅದು.

ಎಲ್ಲಾ ಕೊಟ್ಟಿರಲಿಲ್ಲ. ನನ್ನ ಬ್ಯಾಗಿನಲ್ಲಿ ಒಂದು ಶರ್ಟು ಇತ್ತು.

ಅವನು ಹೋಗುವ ಹಿಂದಿನ ದಿನ ಹಾಕಿ ಬಿಚ್ಚಿಟ್ಟಿದ್ದ ನೀಲಿ ಚೌಕಳಿಯ ಶರ್ಟು. ಬಾತ್‌ರೂಮಿನ ಬಾಗಿಲ ಹಿಂದೆ ನೇತಾಡುತ್ತಿತ್ತು. ತೊಳೆಯಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿದು ಬ್ಯಾಗಿನ ತಳಕ್ಕೆ ಇಟ್ಟುಕೊಂಡಿದ್ದೆ. ತರಕಾರಿಗೆ ಹೋದರೂ ಬ್ಯಾಗು ಜೊತೆಗೆ, ಗುಡಿಗೆ ಹೋದರೂ ಜೊತೆಗೆ. ಯಾರೂ ಇಲ್ಲದಾಗ ಗಂಟು ಬಿಚ್ಚಿ ಮೂಸುತ್ತಿದ್ದೆ. ಬಿಚ್ಚಿದಷ್ಟೂ ವಾಸನೆ ಕಡಿಮೆಯಾಗುತ್ತದೆ ಎಂದು ಗೊತ್ತಿದ್ದೂ ಬಿಚ್ಚುತ್ತಿದ್ದೆ. ಯಜಮಾನರಿಗೂ ಗೊತ್ತಿರಲಿಲ್ಲ.

ಬ್ಯಾಗನ್ನು ತೊಡೆಯ ಮೇಲೆ ಒತ್ತಿ ಹಿಡಿದು ಕೂತೆ. ಕೊಡಲಾರೆ ಎಂದಿತು ಮನಸ್ಸು. ಎಲ್ಲ ಕೊಟ್ಟಿದ್ದೇನೆ, ಇದೊಂದು ನನಗಿರಲಿ. ಒಂದು ಪರೀಕ್ಷೆ ತಾನೇ, ಇನ್ನೊಂದು ವರ್ಷ ಬರೆದರಾಯಿತು. ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಾ ಇವಳ ಕಡೆ ನೋಡಿದೆ. ಕುತ್ತಿಗೆಯ ಹಿಂದಿನ ಎಲುಬು ಎದ್ದು ಕಾಣುತ್ತಿತ್ತು. ಇವಳಿಗೆ ಇನ್ನೊಂದು ವರ್ಷ ಎಲ್ಲಿತ್ತು?

"ಕತ್ತರಿ ಕೊಡು," ಎಂದೆ.

ಪ್ಲಾಸ್ಟಿಕ್ ಚೀಲದ ಗಂಟು ಬಿಚ್ಚುವ ಸದ್ದಿಗೆ ಕಾಂಚನಾ ತಲೆ ಎತ್ತಿದಳು. ಶರ್ಟು ನೋಡಿ ಅವಳ ಬಾಯಿ ತೆರೆದೇ ಉಳಿಯಿತು. ಆಮೇಲೆ ಮುಖ ಕೆಂಪಾಯಿತು. "ತೂ ಬೋಲೀ ಥೀ ಕುಛ್ ನಹೀ ಬಚಾ, ಏನೂ ಉಳಿದಿಲ್ಲ ಅಂತ! ನಾನು ಇದೇ ಶರ್ಟ್ ಎಷ್ಟು ಹುಡುಕಿದೆ! ತುಝ್ಯಾಕಡೇ ಹೋತಾ?"

"ಹೌದು, ನನ್ನ ಹತ್ರ ಇತ್ತು. ನಾ ಹಡೆದಾಕಿ, ನನಗೊಂದು ಬ್ಯಾಡೇನ?" ಎಂದು ನಾನೂ ಕೂಗಿದೆ. "ಈಗ ಕೊಡಾಕತ್ತೀನಿ. ಕತ್ತರಿ ಕೊಡ್ತೀಯೋ ಇಲ್ಲೋ?"

ಅವಳು ಕೊಟ್ಟಳು. ಕತ್ತರಿಸುವ ಮೊದಲು ಒಮ್ಮೆ ಮುಖಕ್ಕೆ ಒತ್ತಿಕೊಂಡೆ. ಎಲ್ಲರ ಎದುರಿಗೇ. ನಾಚಿಕೆ ಅನ್ನಿಸಲಿಲ್ಲ. ಆಮೇಲೆ ತೋಳಿನ ಸಂದಿಗೆ ಕತ್ತರಿ ಇಟ್ಟೆ. ಎರಡು ತೋಳು ಮೇಲಿನ ಎರಡು ಮೂಲೆಗೆ, ಬೆನ್ನಿನ ಭಾಗ ಎರಡಾಗಿ ಕೆಳಗಿನ ಮೂಲೆಗೆ. ಕಾಲರಿನ ಗಟ್ಟಿ ಬಟ್ಟೆ ಪೈಪಿಗೆ ಸಿಕ್ಕಿಸುವ ಪಟ್ಟಿಗಳಿಗೆ. ಅತ್ತೆ ಎಲೆಯಡಿಕೆಯ ಚೀಲದಿಂದ ಸೂಜಿ, ದಾರ ತೆಗೆದರು. ಕಾಂಚನಾ ಪೋಣಿಸಿದಳು. ಮೂವರೂ ನೆಲದ ಮೇಲೆ ಕೂತು ಮೂರು ಕಡೆಯಿಂದ ಹೊಲಿಯತೊಡಗಿದೆವು. ಮೇಡಂ ಚಪ್ಪಲಿ ಬಿಟ್ಟು ಬಂದು ಬಟ್ಟೆ ಬಿಗಿಯಾಗಿ ಹಿಡಿದರು. ಸೂಜಿ ಕೈಗೆ ಚುಚ್ಚಿತು, ನಾನು ನೋಡಲಿಲ್ಲ. ಹೊರಗೆ ಕೌಶಲ್‌ನ ಗೋಡೆಯ ಮುಂದೆ ಪರೀಕ್ಷಕರ ಮಾತು ಕೇಳಿಸತೊಡಗಿತು. ಮುಂದಿನ ಸರದಿ ನಮ್ಮದು.

ಮೇಲಿನ ಎರಡು ಮೂಲೆ ಗಟ್ಟಿಯಾದ ಕೂಡಲೇ ಮೇಡಂ ಮತ್ತು ನಾನು ಕೌದಿ ಎತ್ತಿ ಹೊರಗಿನ ಹಾಲ್‌ಗೆ ಒಯ್ದು ಅಲ್ಲಿನ ಪೈಪಿಗೆ ಸಿಕ್ಕಿಸಿದೆವು. ನಿಂತಿತು. ಕಾಂಚನಾ ಕೆಳಗೆ ಎಳೆದು ನೋಡಿದಳು. ಮತ್ತೊಮ್ಮೆ ಜೋರಾಗಿ ಎಳೆದಳು. ಜಾರಲಿಲ್ಲ. ಕೆಳಗಿನ ಒಂದು ಮೂಲೆ ಮಾತ್ರ ಇನ್ನೂ ಬಾಯಿ ತೆರೆದುಕೊಂಡಿತ್ತು. ಅತ್ತೆ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಸೂಜಿ ಹಿಡಿದವರು ಹೊಲಿಯದೇ ಕೈ ತಡೆದರು.

"ಖಾಲಿ ಮುಚ್ಚಾಕ ನನ್ನ ಕೈ ಬರವೊಲ್ದು ಸೌಭಾಗ್ಯಾ," ಎಂದರು ನನ್ನ ಕಡೆ ತಿರುಗಿ.

ನನಗೆ ರೇಗಿತು. "ಅತ್ತಿ, ಇಷ್ಟೆಲ್ಲಾ ಆದಮ್ಯಾಲೂ?"

ಕಾಂಚನಾ ನನ್ನನ್ನು ತಡೆದಳು. ನನ್ನ ಬ್ಯಾಗಿನಿಂದ ಡಬ್ಬಿ ತೆಗೆದು, ರೊಟ್ಟಿಯ ಒಂದು ತುಣುಕು ಮುರಿದು ಅಜ್ಜಿಯ ಮುಂದೆ ಹಿಡಿದಳು. "ಘೇ ಅಜ್ಜಿ. ಇಡು. ಅವನಿಗೆ."

ಅತ್ತೆ ರೊಟ್ಟಿ ತೆಗೆದುಕೊಂಡರು. ತೆಗೆದುಕೊಂಡು ಆ ಮೂಲೆಯನ್ನು ನೋಡಿದರು, ಮೊಮ್ಮಗಳ ಕೈಯನ್ನು ನೋಡಿದರು, ಮಣಿಕಟ್ಟಿನ ಎಲುಬನ್ನು ಹೆಬ್ಬೆರಳಿನಿಂದ ಸವರಿದರು. ಆಮೇಲೆ ಆ ತುತ್ತನ್ನು ಅವಳ ಬಾಯಿಗೇ ಇಟ್ಟರು.

"ಅವಂದು ಆತು," ಎಂದರು. "ನೀ ತಿನ್ನು."

ಹೀಗೆಂದು ಮೂಲೆಯನ್ನು ಖಾಲಿಯಾಗಿಯೇ ಮುಚ್ಚಿ ಹೊಲಿದರು. ದಾರ ಹಲ್ಲಿನಿಂದ ಕಡಿದರು. ಅವರ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕಾಂಚನಾ ಗೋಡೆಯ ಬುಡದಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ತಿನ್ನತೊಡಗಿದಳು. ಎರಡು ಹೊತ್ತಿನ ಹಸಿವು. ಅಳುತ್ತಾ, ಪಲ್ಯ ಹಚ್ಚಿಕೊಂಡು, ದೊಡ್ಡ ದೊಡ್ಡ ತುತ್ತು.

ಆಗಲೇ ಪರೀಕ್ಷಕರು ಬಂದರು. ಮುಂದೆ ಇದ್ದ ಹಿರಿಯರು ಕೌದಿಯ ಮುಂದೆ ನಿಂತು ಮೇಲಿಂದ ಕೆಳಗೆ ನೋಡಿದರು. ಇಂಗ್ಲಿಷಿನಲ್ಲಿ ಇವಳ ಹೆಸರು ಕರೆದು, ಶುರು ಮಾಡು ಎಂದರು. ಕಾಂಚನಾ ಗಾಬರಿಯಿಂದ ಎದ್ದಳು. ಬಾಯಿ ತುಂಬ ರೊಟ್ಟಿ. ನುಂಗಲೂ ಆಗದು, ಮಾತಾಡಲೂ ಆಗದು. ಡಬ್ಬಿ ಕೆಳಗಿಡಲು ಹೋದಳು.

ಅತ್ತೆ ಎದ್ದು ಇಬ್ಬರ ನಡುವೆ ನಿಂತರು. ಒಂದು ಕೈ ಮೊಮ್ಮಗಳ ಡಬ್ಬಿಯ ಮೇಲೆ, ಇನ್ನೊಂದು ಕೈ ಆ ಹಿರಿಯರ ಎದೆಯ ಮಟ್ಟಕ್ಕೆ ಅಡ್ಡ.

"ಹುಡುಗಿ ಉಣ್ಣಾಕತ್ತಾಳ," ಎಂದರು. "ಸ್ವಲ್ಪ ತಡೀರಿ."

ರಮಿತಾ ಮೇಡಂ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಹಿರಿಯರು ಅತ್ತೆಯ ಕೈಯನ್ನು ನೋಡಿದರು, ಆಮೇಲೆ ಪಕ್ಕದ ಸ್ಟೂಲು ಎಳೆದುಕೊಂಡು ಕೂತರು.

ಅವರು ತಡೆದರು. ನನ್ನ ಮಗಳು ಉಂಡಳು.