ಹೊಳೆಯುವ ಕೋಶಗಳು ನಡೆಯಲಿಲ್ಲ

ಪ್ರಯೋಗಾಲಯದಲ್ಲಿ ಅವಳ ಅಡ್ಡಹೆಸರು ಮಿಂಚುಹುಳ. ಲೋಳೆಮೀನಿನ ಹಸಿರು ಪ್ರೋಟೀನಿನ ಜೀನ್ ಸೇರಿಸಿದರೆ ಕ್ಯಾನ್ಸರ್ ಕೋಶ ಆ ಪ್ರೋಟೀನನ್ನು ತಾನೇ ತಯಾರಿಸಿಕೊಂಡು ನೀಲಿ ಬೆಳಕಿನಲ್ಲಿ ಹೊಳೆಯುತ್ತದೆ. ಎಲ್ಲಿಗೆ ಹೋಯಿತೆಂದು ನೋಡಬಹುದು. ಅವಳು ಅತಿ ಹೆಚ್ಚು ಹೊಳೆಯುವುದನ್ನೇ ಆರಿಸುತ್ತಿದ್ದಳು. ಫೋಟೊ ಚೆನ್ನಾಗಿ ಬರುತ್ತದೆ ಎನ್ನುವುದು ಬಿಟ್ಟರೆ ಬೇರೆ ಕಾರಣ ಇರಲಿಲ್ಲ.

ಅವಳ ಮದ್ದು ಹಾಕಿದ ತಟ್ಟೆಯಲ್ಲಿ ಕೋಶಗಳು ಗೂಟಕ್ಕೆ ಕಟ್ಟಿದಂತೆ ನಿಂತಿದ್ದವು. ಮದ್ದಿಲ್ಲದ ತಟ್ಟೆಯಲ್ಲಿ ಸಂತೆಗೆ ಹೊರಟವರ ಹಾಗೆ ಓಡಾಡುತ್ತಿದ್ದವು. ಈ ಮದ್ದು ಕ್ಯಾನ್ಸರ್ ಹರಡುವುದನ್ನು ತಡೆಯುತ್ತದೆಂದು ಪ್ರಬಂಧವನ್ನೂ ಬರೆದು ಮುಗಿಸಿದ್ದಳು. ಗೈಡ್ ಮೇಡಂ ಒಪ್ಪಿದರೆ ಡಾಕ್ಟರೇಟು.

ಪಕ್ಕದ ಮೇಜಿನವನು ಬಗ್ಗಿ ಪರದೆ ನೋಡಿದ. ಎಲ್ಲದಕ್ಕೂ ಕೊಕ್ಕೆ ಹಾಕುವ ಅವನನ್ನು ಎಲ್ಲರೂ ತಕರಾರು ಎಂದೇ ಕರೆಯುತ್ತಿದ್ದರು.

"ಏಯ್ ಮಿಂಚುಹುಳ, ಮದ್ದಿಲ್ಲದವೆಲ್ಲ ಯಾಕೆ ಇಷ್ಟು ಮಂಕು?"

"ಚೆನ್ನಾಗಿರೋದನ್ನೆಲ್ಲ ಆ ಕಡೆ ಹಾಕ್ಬಿಟ್ಟೆ ಕಣೋ. ಉಳಿದಿದ್ದು ಇಲ್ಲಿ."

"ಭಲೇ! ಮೈತುಂಬ ಒಡವೆ ಹೇರ್ಕೊಂಡವಳನ್ನೂ ಬರಿಮೈಯವಳನ್ನೂ ಒಟ್ಟಿಗೆ ಓಡಿಸಿ, ಒಡವೆಯವಳು ಸೋತಿದ್ದು ನನ್ನ ಮದ್ದಿಂದ ಅಂತೀಯಲ್ಲ!"

ಅವಳಿಗೆ ಸಿಟ್ಟು ಬಂತು. ಅವನು ತಪ್ಪು ಹೇಳಿದ್ದರೆ ಬರುತ್ತಿರಲಿಲ್ಲ.

ಈ ಸಲ ಅದಲು ಬದಲು ಮಾಡಿದಳು. ಹೊಳೆಯುವವಕ್ಕೆ ಮದ್ದಿಲ್ಲ, ಮಂಕಾದವಕ್ಕೆ ಮದ್ದು. ಮದ್ದು ಸೋಕದಿದ್ದರೂ ಹೊಳೆಯುವವು ಕದಲಲಿಲ್ಲ. ರಾಶಿ ರಾಶಿ ಹಸಿರು ತಯಾರಿಸುವುದರಲ್ಲೇ ಅವು ಸುಸ್ತಾಗಿದ್ದವು. ಮದ್ದಿನಲ್ಲಿ ಮುಳುಗಿದ್ದ ಮಂಕು ಕೋಶವೊಂದು ಆರಾಮಾಗಿ ತೆವಳಿ ಪರದೆಯ ಅಂಚು ದಾಟಿ ಹೋಯಿತು. ಅದರ ಹಿಂದೆ ಅವಳ ಡಾಕ್ಟರೇಟೂ ಹೋಯಿತು.

ಮೇಡಂ ಕೋಣೆಗೆ ನಡೆದಳು.

"ಬಾ. ಮೊದಲ ಪುಟಕ್ಕೆ ಯಾವ ಚಿತ್ರ ಹಾಕೋಣ?"

"ಯಾವುದೂ ಬೇಡ ಮೇಡಂ. ಮದ್ದು ಕೆಲಸ ಮಾಡಲ್ಲ. ಕೋಶಗಳನ್ನ ನಿಲ್ಲಿಸಿದ್ದು ಹಸಿರು."

ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಮತ್ತೆ ಒರೆಸಿದರು.

"ಎಷ್ಟು ಚೆಂದ ಇದ್ವು," ಎಂದರು. "ಮಂಕಾದವನ್ನೇ ಇಟ್ಕೊಂಡು ಮೊದಲಿಂದ ಮಾಡು. ಇನ್ನೊಂದು ವರ್ಷ ಆಗುತ್ತೆ. ಅಳೋದಾದ್ರೆ ಹೊರಗೆ."

ಅವಳು ಅಳಲಿಲ್ಲ. ಕಾರಿಡಾರಿನಲ್ಲಿ ಅಮ್ಮನ ಫೋನು.

"ಮುಗೀತೇನೇ ನಿನ್ನ ಓದು?"

"ಇಲ್ಲಮ್ಮ. ಆ ಕೋಶಗಳು ನಡೆಯೋಕೆ ಶುರು ಮಾಡಿವೆ."

"ಅಯ್ಯೋ, ಒಳ್ಳೇದಾಯ್ತಲ್ಲೇ!" ಎಂದರು ಅಮ್ಮ. "ಚೆನ್ನಾಗಿ ನೋಡ್ಕೋ."