ಏರಿ ತಿರುವಿನ ಎಡಗೈ ಪಾಠ

ಚೆಲುವಯ್ಯನ ವರ್ಷದ ತಿಥಿ ಮುಗಿದು ನೆಂಟರೆಲ್ಲ ಉಂಡು ಹೊರಟ ಮೇಲೆ ಮಗ ಧರ್ಮೇಂದ್ರ ಅಕ್ಕ ಮಂಗಳಾಗೆ ಮೆಲ್ಲಗೆ ವಿಷಯ ತಿಳಿಸಿದ. ಅಪ್ಪನ ಬೈಕನ್ನು ಮಾರುತ್ತಿದ್ದಾನೆ, ಹಳೇ ಗಾಡಿ ಕೊಳ್ಳುವವರೊಬ್ಬರು ಹುಣಸೂರಿನಿಂದ ಭಾನುವಾರ ಬರುತ್ತಾರೆ. ಮಂಗಳಾ ಕೈಯಲ್ಲಿದ್ದ ಪಾತ್ರೆಯನ್ನು ದಡಾರನೆ ಕೆಳಗಿಟ್ಟಳು. ಆ ಮನೆಯಲ್ಲಿ ಸಿಟ್ಟನ್ನು ಪಾತ್ರೆಯ ಮೂಲಕ ತಿಳಿಸುವುದೇ ರೂಢಿ.

“ನಂಗ್ ಕೊಡ್ಲಾ ಅದ್ನ. ನಾನ್ ಇಟ್ಕತೀನಿ.”

“ಕೆ.ಆರ್. ನಗರ ಸೇರಿ ಹದಿನೈದ್ ವರ್ಸ ಆಯ್ತು. ಸ್ಕೂಟರ್ ಬುಟ್ಟು ಬ್ಯಾರೆ ಏನಾರ ಮುಟ್ಟಿದ್ದೀಯೇನಕ್ಕ? ಮೂಲೇಲಿ ನಿಲ್ಸಿ ತುಕ್ಕಿಡ್ಸಕ್ಕಾ?”

“ಓಡುಸ್ತೀನಿ.”

“ಅಂಗಾರೆ ನಾಳೆ ಬೆಳಿಗ್ಗೆ ಒಂದ್ ಕ್ಯಾನ್ ಹಾಲು ಕಟ್ಕಂಡು, ಏರಿ ತಿರುವು ಇಳ್ದು, ಕಂಪಲಾಪುರದ ಡೈರಿಗೆ ಆಕ್ಬುಟ್ಟು ಬಾ. ಒಂದ್ ತೊಟ್ಟು ಚೆಲ್ದೆ ಮುಟ್ಸುದ್ರೆ ಗಾಡಿ ನಿಂದು.”

ಚೆಲುವಯ್ಯ ಇಪ್ಪತ್ತೈದು ವರ್ಷ ಮಾಡಿದ್ದು ಇದನ್ನೇ. ಕ್ಯಾನಿನ ಮುಚ್ಚಳದ ರಬ್ಬರು ಹೋಗಿ ಯಾವ ಕಾಲವಾಗಿತ್ತೋ, ಬಾಯಿಗೆ ಬಾಳೆಎಲೆ ಹಾಸಿ ಮುಚ್ಚಳ ಒತ್ತುತ್ತಿದ್ದ. ಡೈರಿಯಲ್ಲಿ ಹಾಲು ಅಳೆಯುವ ಕಂಠಪ್ಪ ಮೊದಲು ನೋಡುತ್ತಿದ್ದುದು ಹಾಲನ್ನಲ್ಲ, ಕ್ಯಾನಿನ ಕತ್ತನ್ನು. ಅದು ಒಣಗಿದ್ದರೆ ಚೆಲುವಯ್ಯ ಮೀಸೆಯಲ್ಲೇ ನಗುತ್ತಿದ್ದ. ಕೆರೆ ಏರಿಯಿಂದ ದಾರಿ ಇಳಿಜಾರಾಗಿ ಎಡಕ್ಕೆ ಹೊರಳುವ ಜಾಗದಲ್ಲಿ ಪಾದ ಮುಳುಗುವಷ್ಟು ಕೆಂಪು ಧೂಳು. ಅಲ್ಲಿ ಬೀಳದೆ ಗಾಡಿ ಇಳಿಸುವವನು ಊರಲ್ಲಿ ಅವನೊಬ್ಬನೇ ಎಂದು ಹೆಸರಿತ್ತು.

ಅಭ್ಯಾಸಕ್ಕೆಂದು ಮಂಗಳಾ ಅದೇ ಸಂಜೆ ಬೈಕನ್ನು ಹೊರಗೆ ತಳ್ಳಿದಳು. ವರ್ಷದಿಂದ ನಿಂತ ಗಾಡಿ ಎರಡನೇ ಒದೆತಕ್ಕೇ ಎದ್ದಿತು. ಅವಳಿಗೆ ಸೋಜಿಗವೆನಿಸಿದರೂ ಕೇಳುವ ವ್ಯವಧಾನ ಇರಲಿಲ್ಲ. ಏರಿಯ ಮೇಲೆ ಚೆನ್ನಾಗಿಯೇ ಬಂದಳು. ತಿರುವು ಎದುರಾದಾಗ ಎಡಗೈ ತನ್ನ ಪಾಡಿಗೆ ಹಿಡಿಯನ್ನು ಬಿಗಿಯಾಗಿ ಹಿಡಿಯಿತು. ಅವಳ ಗೇರಿಲ್ಲದ ಸ್ಕೂಟರಿನಲ್ಲಿ ಎಡಗೈಯ ಹಿಡಿ ಬ್ರೇಕು. ಇದು ಕ್ಲಚ್ಚು. ಎಂಜಿನ್ನಿನ ಹಿಡಿತ ಪೂರಾ ತಪ್ಪಿದ ಗಾಡಿ ಇಳಿಜಾರಿನಲ್ಲಿ ನೆಟ್ಟಗೆ ನುಗ್ಗಿ, ಸೊಪ್ಪು ಮುರಿದು ಬಿಟ್ಟಿದ್ದ ಹೊಗೆಸೊಪ್ಪಿನ ಹೊಲದಲ್ಲಿ ಅವಳನ್ನು ಮಲಗಿಸಿತು.

ಧರ್ಮೇಂದ್ರ ಓಡಿ ಬಂದ. ಮೊದಲು ಗಾಡಿ ಎತ್ತಿದ, ಆಮೇಲೆ ಅಕ್ಕನನ್ನು. ನಗುತ್ತಾನೆ ಎಂದುಕೊಂಡರೆ ನಗಲಿಲ್ಲ.

“ನಾನೂ ಇಲ್ಲೇ ಬಿದ್ದಿದ್ದೆ,” ಎಂದಷ್ಟೇ ಹೇಳಿದ.

ಅವನಿಗಾಗ ಹದಿನಾರು. ಹಾಲೆಲ್ಲ ಮಣ್ಣುಪಾಲಾಗಿ ಅಳುತ್ತ ನಿಂತಿದ್ದವನಿಗೆ ಅಪ್ಪ “ಬುಡು, ಇದು ನಿನ್ ಕೈಲಾಗಲ್ಲ” ಎಂದಿದ್ದ. ಮಂಗಳಾ ಪಕ್ಕದಲ್ಲಿ ನಿಂತು ಕಿಸಕ್ಕನೆ ನಕ್ಕಿದ್ದಳು. ಆಮೇಲೆ ಅವನು ಆ ಬೈಕು ಹತ್ತಿದ್ದನ್ನು ಯಾರೂ ನೋಡಲಿಲ್ಲ. ಆ ನಗು ಈಗ ಅವಳ ತರಚಿದ ಮೊಣಕೈಗಿಂತ ಹೆಚ್ಚು ಉರಿಯಿತು.

ಬೆಳಿಗ್ಗೆ ಅವ್ವ ಸಿದ್ದಲಿಂಗಮ್ಮ ಬೆರಳು ನೋವೆಂದು ಹಸು ಕರೆಯಲು ಮಗಳನ್ನೇ ಕೂರಿಸಿದಳು. ನಾಲ್ಕು ಸಲ ಕರೆಯುವಷ್ಟರಲ್ಲಿ ಬೆರಳುಗಳಿಗೆ ಹಳೆಯದು ಮರಳಿತು, ಅದರ ಹಿಂದೆಯೇ ಅಪ್ಪನೂ ನೆನಪಿಗೆ ಬಂದ. ಹದಿನೈದರ ಹುಡುಗಿಯನ್ನು ಬೈಕಿನಲ್ಲಿ ಮುಂದೆ ಕೂರಿಸಿಕೊಂಡು, ಅವಳ ಎಡಗೈ ಮೇಲೆ ತನ್ನ ಒರಟು ಕೈಯಿಟ್ಟು ಹೇಳಿದ್ದ: “ಜಗ್ಬ್ಯಾಡ ಮಗ. ಹಸ ಕರ್ದಂಗೆ. ಬೆರಳು ಒಂದೊಂದಾಗಿ ಬಿಗೀಬೇಕು, ಒಂದೊಂದಾಗಿ ಸಡ್ಲ ಬುಡ್ಬೇಕು. ತಿರುವಿಗ್ ಮುಂಚೇನೇ ಎರಡನೇ ಗೇರಿಗ್ ಬಾ. ಒಳೀಕೋದ್ ಮೇಲೆ ಅರ್ಧ ಕ್ಲಚ್ಚಲ್ಲೇ ತೇಲುಸ್ತಾ ಇರು, ಪೂರಾ ಬುಟ್ರೂ ಕೆಡ್ತು, ಪೂರಾ ಇಡುದ್ರೂ ಕೆಡ್ತು.” ಅವಳಿಗೆ ಅಪ್ಪ ಎಷ್ಟು ಬೇಕೆನಿಸಿತೆಂದರೆ, ಹಸುವಿನ ಹೊಟ್ಟೆಗೆ ಹಣೆಯೊತ್ತಿ ಅತ್ತುಬಿಟ್ಟಳು.

ಅವ್ವ ಕ್ಯಾನಿಗೆ ಬಾಳೆಎಲೆ ಹಾಸುತ್ತ ದನಿ ತಗ್ಗಿಸಿದಳು. “ನಿಮ್ಮಪ್ಪ ಮೊದಮೊದ್ಲು ತಿಂಗ್ಳುಗಟ್ಲೆ ಚೆಲ್ಕಂಡೇ ಬರೋರು. ಯಾರ್ಗೂ ಯೋಳ್ಬ್ಯಾಡ ಅಂತ ಆಣೆ ಇಡ್ಸಿದ್ರು.”

ಧರ್ಮೇಂದ್ರ ತನ್ನ ಸ್ಕೂಟರಿನಲ್ಲಿ ಹಿಂದೆಯೇ ಬಂದ. ಏರಿ ತಿರುವಿನ ಮುಂಚೆ ಮಂಗಳಾ ವೇಗ ತಗ್ಗಿಸಿ ಎರಡನೇ ಗೇರಿಗಿಳಿಸಿದಳು. ಕ್ಲಚ್ಚಿನ ಮೇಲೆ ಎರಡೇ ಬೆರಳು. ಎಂಜಿನ್ನು ಗುಂಯ್‌ಗುಡುತ್ತಿರುವಂತೆಯೇ ಧೂಳಿನೊಳಗೆ ಹೊರಳಿದಳು. ಹಿಂದಿನ ಚಕ್ರ ಕೊಂಚ ಜಾರಿತು. ಎಡಗೈ ಗಾಬರಿಗೆ ಬೀಳಲಿಲ್ಲ, ಕೂದಲೆಳೆಯಷ್ಟು ಬಿಗಿಯಿತು, ಗಾಡಿ ನೆಟ್ಟಗಾಗುತ್ತಿದ್ದಂತೆ ಸಡಿಲವಾಯಿತು. ಹಾಲು ಒಳಗೆ ಒಮ್ಮೆ ಡುಳುಕ್ಕೆಂದು ಸುಮ್ಮನಾಯಿತು.

ಡೈರಿಯಲ್ಲಿ ಕಂಠಪ್ಪ ಕ್ಯಾನಿನ ಕತ್ತು ಸವರಿ, ಒಣ ಬೆರಳನ್ನು ಮೇಲೆತ್ತಿ ತೋರಿಸಿದ. “ಚೆಲುವಣ್ಣನೇ ಬಂದಂಗಾಯ್ತು ಕಣವ್ವ.”

“ಗಾಡಿ ನಿಂದು,” ಎಂದ ಧರ್ಮೇಂದ್ರ. ಡೈರಿಯಿಂದ ಹೊರಗೆ ಬಂದ ಮೇಲೆ ತಲೆ ತಗ್ಗಿಸಿಯೇ ಹೇಳಿದ. “ವಾರಕ್ಕೊಂದ್ಸಲ ಸ್ಟಾರ್ಟ್ ಮಾಡ್ತೀನಕ್ಕ, ನಿಂತಲ್ಲೇ. ಏರಿ ಕಡೀಕೆ ತಿರುಗ್ಸಕ್ ಧೈರ್ಯ ಬರಲ್ಲ. ದಿನಾ ಅದ್ರ ಮಕ ನೋಡಕ್ಕಾಗ್ದೆ ಮಾರಾನ ಅಂದ್ಕಂಡೆ. ಅಪ್ಪ ನಿಂಗೊಬ್ಳಿಗೇ ಕಲಿಸ್ದ.”

ಮಂಗಳಾ ಏರಿಯ ಮೇಲಕ್ಕೆ ಬಂದು ಗಾಡಿಯನ್ನು ಇಳಿಜಾರಿನತ್ತ ತಿರುಗಿಸಿ ನಿಲ್ಲಿಸಿದಳು. ಸ್ಕೂಟರನ್ನು ಬದಿಗೆ ನಿಲ್ಲಿಸಿ ಬಂದ ಮೂವತ್ತೆಂಟು ವರ್ಷದ ತಮ್ಮನನ್ನು ಮುಂದೆ ಕೂರಿಸಿ, ಹಿಂದೆ ಕೂತು, ಅವನ ಎಡಗೈ ಮೇಲೆ ತನ್ನ ಕೈಯಿಟ್ಟಳು. ಅವನ ಬೆರಳು ಆಗಲೇ ಕ್ಲಚ್ಚನ್ನು ಬಿಗಿಯಾಗಿ ಅವುಚಿದ್ದವು.

“ಜಗ್ಬ್ಯಾಡ ಮಗ,” ಎಂದಳು.

ಅವನು ತಿರುಗಿ ನೋಡಲಿಲ್ಲ. ಬೆರಳುಗಳು ಒಂದೊಂದಾಗಿ ಸಡಿಲವಾದವು. ಖಾಲಿ ಕ್ಯಾನು ಲಟಪಟ ಬಡಿಯುತ್ತ ಗಾಡಿ ಬೀಳದೆ ತಿರುವನ್ನು ಇಳಿದು ಕೆಳಗೆ ನಿಂತಿತು.

“ಗಾಡಿ ನಂದೇ. ಇಲ್ಲಿರ್ಲಿ,” ಎಂದಳು ಮಂಗಳಾ. “ಹುಣಸೂರಿನೋರ್ಗೆ ಫೋನ್ ಮಾಡಿ ಬರ್ಬ್ಯಾಡಿ ಅನ್ನು. ನಾಳೆಯಿಂದ ಇದ್ರಲ್ಲೇ ಹಾಲ್ ಆಕು.”

“ಚೆಲ್ಲೋದ್ರೆ?”

“ಚೆಲ್ಲು. ಅಪ್ಪ ತಿಂಗ್ಳುಗಟ್ಲೆ ಚೆಲ್ಲಿದ್ನಂತೆ ಕಣ್ಲಾ.”